ಸುಖ ಅಳೆಯಲು ಐದು ಹುಣಸೆ ಬೀಜ

ಜನ ಎಷ್ಟು ಸುಖವಾಗಿದ್ದಾರೆ ಎಂದು ಅಳೆಯುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ರಾಯಚೂರಿನ ನಮ್ಮ ಸೋದರಮಾವನಿಗೆ ಇದನ್ನು ವಿವರಿಸಿ ಸೋತಿದ್ದೆ. "ಸುಖ ಅಳೀತೀಯಾ? ಸೇರಿಲೆ ಅಳೀತೀಯೋ, ಪಾವಿಲೆ ಅಳೀತೀಯೋ?" ಎಂದು ಕೇಳಿ ಮನೆ ತುಂಬ ಇದ್ದ ಜನರನ್ನೆಲ್ಲ ನಗಿಸಿದ್ದ. ಆಗ ನನಗೆ ಬೇಗ ಸಿಟ್ಟು ಬರುತ್ತಿತ್ತು, ಅದರಲ್ಲೂ ನನ್ನ ಕೆಲಸದ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ. "ಒಂದರಿಂದ ಐದರ ತನಕ ಅಂಕಿ ಇರತಾವ ಮಾವ, ಅದರಾಗ ಅಳೀತೀವಿ," ಎಂದಿದ್ದೆ. "ಐದು ಅಂದ್ರ?" "ಐದು ಅಂದ್ರ ಭಾಳ ಸುಖ." "ಆತು ಬಿಡವಾ, ನನಗ ಎರಡೂವರಿ ಬರಕೋ," ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಎದ್ದು ಹೋಗಿದ್ದ.

ಹೈದರಾಬಾದಿನ ಪಶ್ಚಿಮದ ಕಡೆ ಒಂದರ ಹಿಂದೆ ಒಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಬಂಡೆಗೆ ಮದ್ದಿಟ್ಟು ಒಡೆಯುವ ಸದ್ದು ಕೇಳಿದರೆ ನಮ್ಮ ಆಫೀಸಿನಲ್ಲಿ ಯಾರೂ ತಲೆ ಎತ್ತುತ್ತಿರಲಿಲ್ಲ. ಇನ್ನೊಂದು ಕಂಪನಿ ಬರುತ್ತಿದೆ ಎಂದಷ್ಟೇ ಅದರ ಅರ್ಥ. ನಾನು ಮೆಹದಿಪಟ್ಟಣಂನ ಒಂದು ಹಳೆಯ ಕಾಲೊನಿಯಲ್ಲಿ ಮಹಡಿ ಮೇಲಿನ ಕೋಣೆ ಹಿಡಿದಿದ್ದೆ. ಬೆಳಿಗ್ಗೆ ಕಂಪನಿಯ ಬಸ್ಸು, ಸಂಜೆ ಕಂಪನಿಯ ಬಸ್ಸು. ಬೀದಿಯಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷು, ತರಕಾರಿಯವಳ ಹತ್ತಿರ ತೆಲುಗು. ಕನ್ನಡ ಇದ್ದದ್ದು ಊರಿಗೆ ಫೋನ್ ಹಚ್ಚಿದಾಗ ಮಾತ್ರ.

ನಮ್ಮದು ಸಾಫ್ಟ್‌ವೇರ್ ಕಂಪನಿ. ನಾನಿದ್ದದ್ದು ಎಚ್‌ಆರ್ ವಿಭಾಗದಲ್ಲಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನನ್ನ ಮೇಲಿನವರು ವಿಜಯವಾಡದ ಕಡೆಯ ಹೆಂಗಸು, ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಕೆಟ್ಟವರಲ್ಲ. ಹುಷಾರಿಲ್ಲ ಎಂದರೆ ಮನೆಗೆ ಕಳಿಸುವವರು, ಹಬ್ಬಕ್ಕೆ ರಜೆ ಕೇಳಿದರೆ ಮುಖ ಗಂಟು ಹಾಕದವರು. ಆದರೆ ಕಂಪ್ಯೂಟರಿನ ತೆರೆಯ ಮೇಲೆ ಕಾಣದ ಯಾವ ಸಂಗತಿಯೂ ಅವರ ಪಾಲಿಗೆ ಇರಲಿಲ್ಲ. ವರ್ಷಕ್ಕೊಮ್ಮೆ ಎಲ್ಲ ನೌಕರರಿಗೂ ಮೂವತ್ತು ಪ್ರಶ್ನೆ ಕಳಿಸಿ, ಬಂದ ಉತ್ತರ ಕೂಡಿಸಿ, ಯಾವ ತಂಡ ಎಷ್ಟು ನೆಮ್ಮದಿಯಾಗಿದೆ ಎಂಬ ವರದಿ ಮಾಡಿ ಹೊರದೇಶದ ಮುಖ್ಯ ಕಚೇರಿಗೆ ಕಳಿಸುವುದು ನನ್ನ ಪಾಲಿನ ಕೆಲಸ.

ಸಾಫ್ಟ್‌ವೇರಿನ ಹುಡುಗರ ಉತ್ತರ ಓದುವುದೇ ಒಂದು ಮಜಾ. ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬ ಎಸಿ ಜಾಸ್ತಿಯಾಗಿ ಸಾಯುತ್ತಿದ್ದೇನೆ ಎಂದು ಬರೆದರೆ, ಅವನ ಪಕ್ಕದವನು ಎಸಿ ಸಾಲದೆ ಬೇಯುತ್ತಿದ್ದೇನೆ ಎಂದು ಬರೆಯುತ್ತಿದ್ದ. ಕಾಫಿ ಯಂತ್ರದ ಹಾಲು ನೀರಾಗಿದೆ ಎಂದು ಅರ್ಧ ಪುಟ. ಒಬ್ಬನಂತೂ ಮೂವತ್ತಕ್ಕೂ ಮೂರು ಮೂರು ಹಾಕಿ, ಕೊನೆಗೆ 'ಊಟಕ್ಕೆ ಹೋಗಬೇಕು' ಎಂದು ಬರೆದು ಮುಗಿಸಿದ್ದ. ಆದರೂ ನನಗೆ ಆ ಅಂಕಿಗಳ ಮೇಲೆ ನಂಬಿಕೆ ಇತ್ತು. ಸುಳ್ಳೇಕೆ ಹೇಳಲಿ, ಹೆಮ್ಮೆಯೇ ಇತ್ತು. ಬಾಯಿ ಬಿಟ್ಟು ಹೇಳಲಾಗದ್ದನ್ನು ಜನ ಅಂಕಿಯಲ್ಲಿ ಹೇಳುತ್ತಾರೆ, ಸರಿಯಾಗಿ ಕೇಳಬೇಕು ಅಷ್ಟೆ ಎಂದುಕೊಂಡಿದ್ದೆ.

ಒಂದು ದಿನ ಎರಡನೇ ಮಹಡಿಯ ಹೆಂಗಸರ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದೆ. ಹಿಂದಿನಿಂದ, "ಏ, ಆ ಕಡಿ ಕಾಲಿಡಬ್ಯಾಡ, ಇನ್ನಾ ಹಸಿ ಐತಿ," ಎಂಬ ಮಾತು ಬಂತು. ನೆಲ ಒರೆಸುವ ಇಬ್ಬರು ಹೆಂಗಸರು. ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತೆ.

"ಯಾವೂರ್ರಿ ನಿಮ್ದು?" ಎಂದೆ.

ಇಬ್ಬರೂ ಬೆಚ್ಚಿ ನೋಡಿದರು. ಕೊರಳಲ್ಲಿ ಬ್ಯಾಡ್ಜು ತೂಗಿಕೊಂಡವಳ ಬಾಯಲ್ಲಿ ಈ ಮಾತು ಬರುವುದೆಂದು ಅವರು ಎಣಿಸಿರಲಿಲ್ಲ. ಇಬ್ಬರಲ್ಲಿ ಹಿರಿಯಳು, "ದೇವದುರ್ಗದ ಕಡಿ ಅದೀವ್ರಿ ಮೇಡಮ್ಮಾರ," ಎಂದಳು. ನನ್ನದು ರಾಯಚೂರು ಎಂದೆ. "ಅಯ್ಯ ಶಿವನ! ನಮ್ಮಾಕಿನ ಅದಾಳಲ್ಲಬೇ ಈಕಿ!" ಎಂದು ಒರೆಸುವ ಕೋಲನ್ನು ಗೋಡೆಗೆ ಆನಿಸಿ, ಒದ್ದೆ ಕೈಯಿಂದಲೇ ನನ್ನ ಕೈ ಹಿಡಿದುಬಿಟ್ಟಳು. ಆವತ್ತಿನಿಂದ ನಾನು ಅವಳಿಗೆ ಮೇಡಮ್ಮಾರ ಅಲ್ಲ, ಯವ್ವಾ. ಅವಳನ್ನು ಉಳಿದ ಹೆಂಗಸರೆಲ್ಲ ದೊಡ್ಡವ್ವ ಎನ್ನುತ್ತಿದ್ದರು. ನಾನೂ ಅದನ್ನೇ ಹಿಡಿದೆ.

ಹದಿನಾರು ಮಂದಿ ಹೆಂಗಸರು. ಎಲ್ಲರೂ ದೇವದುರ್ಗ, ಮಾನ್ವಿ, ಲಿಂಗಸುಗೂರಿನ ಸುತ್ತಲಿನ ಹಳ್ಳಿಗಳವರು. ಗಂಡಂದಿರು ಕಟ್ಟಡದ ಕೂಲಿಗೆ ಬಂದವರು, ಮಿಯಾಪುರದ ಹೊರಗೆ ತಗಡಿನ ಶೆಡ್ಡುಗಳಲ್ಲಿ ಸಂಸಾರ. ಕಂಪನಿಗೆ ಅವರು ನೇರ ನೌಕರರಲ್ಲ, ಒಬ್ಬ ಕಂಟ್ರಾಕ್ಟರನ ಕೈಕೆಳಗಿನವರು. ದೊಡ್ಡವ್ವ ಒಮ್ಮೆ ಲಿಫ್ಟಿನ ಪಕ್ಕದ ಗೋಡೆಗೆ ಅಂಗೈ ಬಡಿದು, "ಈ ಗ್ವಾಡಿಗೆ ನನ್ನ ಗಂಡ ಇಟ್ಟಂಗಿ ಹೊತ್ತಾನ ಯವ್ವಾ. ಅಂವ ಕಟ್ಟಿದ, ನಾ ಒರಸಾಕತ್ತೀನಿ," ಎಂದಿದ್ದಳು. ಅದರಲ್ಲಿ ಬೇಸರವೇನೂ ಇರಲಿಲ್ಲ.

ಅವರಿಗೆ ಒಂದು ಖೋಲಿ ಇತ್ತು. ನೆಲಮಹಡಿಯ ಹಿಂದಿನ ಮೆಟ್ಟಿಲ ಕೆಳಗೆ, ಪೈಪು ಗೀಪು ಇಡಲೆಂದು ಬಿಟ್ಟ ಜಾಗ. ಒಂದು ಕಡೆ ಚಾವಣಿ ಇಳಿಜಾರಾಗಿ ನೆಲಕ್ಕೆ ತಾಗುವುದರಿಂದ ಬಗ್ಗಿ ಹೋಗಬೇಕು. ಒಂದು ಬಲ್ಬು, ಗೋಡೆಗೆ ಸಾಲಾಗಿ ಮೊಳೆ, ಮೊಳೆಗೆ ಊಟದ ಡಬ್ಬಿಯ ಚೀಲಗಳು, ಕೆಳಗೆ ಸಿಮೆಂಟಿನ ಚೀಲ ಬಿಚ್ಚಿ ಹೊಲಿದ ಹಾಸು. ಮೇಲಿನ ಕ್ಯಾಂಟೀನಿಗೆ ಬ್ಯಾಡ್ಜು ಇಲ್ಲದವರನ್ನು ಬಿಡುವುದಿಲ್ಲ. ಬಾಗಿಲ ಹತ್ತಿರದ ಸೋಫಾ ಅತಿಥಿಗಳಿಗೆ. ಸಮವಸ್ತ್ರದಲ್ಲಿರುವವರು ಎಲ್ಲೂ ಕೂತದ್ದು ಕಾಣಬಾರದು ಎಂದು ಕಂಟ್ರಾಕ್ಟರನ ಕಟ್ಟಪ್ಪಣೆ. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರ ತನಕ ಆ ಹೆಂಗಸರು ಬೆನ್ನು ಚಾಚಬಹುದಾಗಿದ್ದ ಜಾಗ ಇಡೀ ಏಳು ಮಹಡಿಯಲ್ಲಿ ಅದೊಂದೇ.

ದೊಡ್ಡವ್ವನಿಗೆ ಮೊಣಕಾಲು ನೋವು. ಊಟ ಆದ ಮೇಲೆ ಆ ಹಾಸಿನ ಮೇಲೆ ಅಂಗಾತ ಮಲಗಿ, ಎರಡೂ ಕಾಲನ್ನು ಗೋಡೆಗೆ ಎತ್ತಿ ಹಚ್ಚಿ, ಹತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದಳು. "ಈ ಖೋಲಿ ಇರಲಿಲ್ಲಂದ್ರ ನಾ ಎಂದೋ ಗಂಟು ಕಟ್ಟಿಕೊಂಡು ಊರಿಗೆ ಹೋಗಿಬಿಡತಿದ್ದೆ," ಎನ್ನುತ್ತಿದ್ದಳು. ಇನ್ನೊಬ್ಬಳು ಹಸಿ ಬಾಣಂತಿತನ ಮುಗಿಸಿ ಬಂದವಳು. ನಾಲ್ಕು ತಿಂಗಳ ಕೂಸನ್ನು ಅತ್ತೆಯ ಹತ್ತಿರ ಶೆಡ್ಡಿನಲ್ಲಿ ಬಿಟ್ಟು ಬರುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಎದೆ ಕಟ್ಟಿ ಕಣ್ಣಲ್ಲಿ ನೀರು ಬರುತ್ತಿತ್ತು. ಮೂಲೆಯಲ್ಲಿ ಒಂದು ಸೀರೆಯನ್ನು ಅಡ್ಡ ಕಟ್ಟಿ, ಅದರ ಹಿಂದೆ ಕೂತು ಹಾಲು ಹಿಂಡಿ ಚೆಲ್ಲುತ್ತಿದ್ದಳು.

ವಾರಕ್ಕೊಮ್ಮೆ ನಾನೂ ನನ್ನ ಡಬ್ಬಿ ಹಿಡಿದುಕೊಂಡು ಅಲ್ಲಿಗೆ ಇಳಿಯುತ್ತಿದ್ದೆ. ನನ್ನ ಮೊಸರನ್ನ ಅವರು ಮೂಸಿಯೂ ನೋಡುತ್ತಿರಲಿಲ್ಲ. "ಇದೇನ್ ಊಟರಿ, ಜಡ್ಡಿನವರ ಊಟ," ಎಂದು ಪಕ್ಕಕ್ಕೆ ಸರಿಸಿ, ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮುಂದೆ ಇಡುತ್ತಿದ್ದರು. ಮದುವೆ ಯಾವಾಗ ಎಂದು ಕಾಡುತ್ತಿದ್ದರು. ಸುಖದ ಬಗ್ಗೆ ದಿನವಿಡೀ ಅಂಕಿ ಕೂಡಿಸುತ್ತಿದ್ದ ನನಗೆ ಆ ಅರ್ಧ ಗಂಟೆಯಲ್ಲಿ ಅದರ ನೆನಪೂ ಆಗುತ್ತಿರಲಿಲ್ಲ.

ಆ ವರ್ಷ ಮುಖ್ಯ ಕಚೇರಿಯಿಂದ ಎರಡು ಸೂಚನೆ ಬಂದವು. ಒಂದು, ಕಂಟ್ರಾಕ್ಟಿನ ಕೆಲಸಗಾರರ ನೆಮ್ಮದಿಯನ್ನೂ ಅಳೆಯಬೇಕು. ಇನ್ನೊಂದು, ನೌಕರರು ದಣಿವಾದಾಗ ಹೋಗಿ ಕೂರಲು ಒಂದು ಮೌನದ ಕೋಣೆ ಮಾಡಬೇಕು. ಕೋಣೆಗೆ ಮೂರು ಜಾಗ ನೋಡಿದ್ದರು. ಆಟದ ಕೋಣೆಯ ಒಂದು ಭಾಗ, ಮೂರನೇ ಮಹಡಿಯಲ್ಲಿ ಕಡತ ಇಡುವ ಜಾಗ, ಮತ್ತು ಮೆಟ್ಟಿಲ ಕೆಳಗಿನ ಖೋಲಿ. ಮೇಡಂ ನನ್ನನ್ನು ಕೂರಿಸಿಕೊಂಡು ಲೆಕ್ಕಾಚಾರ ಹೇಳಿದರು. ವಿಶ್ರಾಂತಿಗೆ ತಕ್ಕ ಜಾಗ ಇದೆಯೇ ಎಂಬ ಪ್ರಶ್ನೆಗೆ ಯಾರ ಅಂಕಿ ಕಡಿಮೆ ಬರುತ್ತದೋ ಅವರ ಜಾಗವನ್ನು ಮುಟ್ಟುವುದಿಲ್ಲ, ಬದಲಿಗೆ ಅಲ್ಲಿ ಖರ್ಚು ಮಾಡುತ್ತೇವೆ. ಯಾರ ಅಂಕಿ ಜಾಸ್ತಿಯೋ ಅವರಿಂದ ತೆಗೆದುಕೊಳ್ಳುತ್ತೇವೆ. "ನ್ಯಾಯವಾಗಿದೆ ಅಲ್ಲವಾ?" ಎಂದರು. ನನಗೂ ನ್ಯಾಯವಾಗಿಯೇ ಕಂಡಿತು.

ನನಗೆ ಒಳಗೊಳಗೇ ಖುಷಿಯೇ ಆಗಿತ್ತು. ಬಗ್ಗಿ ಹೋಗುವ, ಗಾಳಿ ಆಡದ ಆ ಗೂಡಿಗೆ ಯಾರು ತಾನೇ ಐದು ಕೊಡುತ್ತಾರೆ? ಒಂದು ಕೊಡುತ್ತಾರೆ, ಹೆಚ್ಚೆಂದರೆ ಎರಡು. ಖೋಲಿ ಉಳಿಯುತ್ತದೆ, ಮೇಲೆ ಒಂದು ಫ್ಯಾನೂ ಬರುತ್ತದೆ. ಅವರಿಗೆ ಮೊದಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅಳೆಯುವವರು ಉತ್ತರ ಬಾಯಿಗೆ ಇಡಬಾರದು ಎಂಬುದು ನಮ್ಮ ಕೆಲಸದ ಮೊದಲ ನಿಯಮ, ಮತ್ತು ನಾನು ನಿಯಮಕ್ಕೆ ಅಂಟಿಕೊಂಡವಳು. ಅಂಕಿ ತಾನಾಗಿಯೇ ಬರಲಿ, ಅದರ ಬೆಲೆಯೇ ಬೇರೆ ಎಂದು ಬೀಗಿದೆ.

ಅವರಲ್ಲಿ ಅಕ್ಷರ ಬಲ್ಲವರು ಮೂರೋ ನಾಲ್ಕೋ ಮಂದಿ. ಅದಲ್ಲದೆ ಹಾಳೆ ಕಂಡರೆ ಎಲ್ಲರಿಗೂ ಹೆದರಿಕೆ. ಹಿಂದೊಮ್ಮೆ ಕಂಟ್ರಾಕ್ಟರ್ ಏನೋ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಇಬ್ಬರನ್ನು ಮನೆಗೆ ಕಳಿಸಿದ್ದನಂತೆ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಮನೆಯಲ್ಲಿದ್ದ ಹುಣಸೆ ಬೀಜಗಳನ್ನು ತೊಳೆದು ಒಣಗಿಸಿ ತಂದೆ. ಮೂವತ್ತು ಪ್ರಶ್ನೆ ಬೇಡ, ಆರು ಸಾಕು. ಪ್ರಶ್ನೆ ಕೇಳುತ್ತೇನೆ, ಪ್ರತಿ ಪ್ರಶ್ನೆಗೂ ಕೈಯಲ್ಲಿ ಐದು ಬೀಜ ಕೊಡುತ್ತೇನೆ. ಸುಖ ಎಷ್ಟಿದೆಯೋ ಅಷ್ಟು ಬೀಜ ನಾನು ಹಿಡಿದ ಡಬ್ಬಿಗೆ ಹಾಕಬೇಕು. ಎಣಿಸಿ ನಾನು ಬರೆದುಕೊಳ್ಳುತ್ತೇನೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಊಟದ ಹೊತ್ತಿನಲ್ಲಿ ಖೋಲಿಯ ನಡುವೆ ನನ್ನ ಸ್ಟೀಲ್ ಡಬ್ಬಿಯನ್ನು ತೆರೆದು ಹಿಡಿದು ಕೂತೆ. ಸುತ್ತಲೂ ಹದಿನಾರು ಮಂದಿ. ಮೊದಲು ದೊಡ್ಡವ್ವ ಬಂದಳು. ಬರುವ ಮುಂಚೆ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. ಅದನ್ನು ನಾನು ನೋಡಿದೆ, ಆದರೆ ಏನೂ ಹೊಳೆಯಲಿಲ್ಲ.

"ಮಾಡೋ ಕೆಲಸ ನಿಮಗ ಖುಷಿ ಕೊಡತೈತೇನ್ರಿ?" ಎಂದೆ. ಐದು ಬೀಜವೂ ಡಬ್ಬಿಗೆ ಬಿದ್ದವು. "ಮ್ಯಾಲಿನವರು ನಿಮ್ಮ ಜೋಡಿ ಬರೋಬ್ಬರಿ ಮಾತಾಡತಾರೇನ್ರಿ?" ಐದು. ಆ ಕಂಟ್ರಾಕ್ಟರ್ ಇವರನ್ನು ಏ, ಓ ಎಂದು ಕೂಗುವುದನ್ನು ನಾನೇ ಕಿವಿಯಾರೆ ಕೇಳಿದ್ದೆ. ಕೊನೆಗೆ, "ಕೆಲಸದ ನಡುವ ಕುಂದರಾಕ, ಆರಾಮ ತಗೊಳ್ಳಾಕ ನಿಮಗ ತಕ್ಕಂಥಾ ಜಗಾ ಐತೇನ್ರಿ?" ಎಂದು ಕೇಳಿದೆ. ದೊಡ್ಡವ್ವ ಎಡಗೈಯಿಂದ ಮೊಣಕಾಲು ಉಜ್ಜಿಕೊಳ್ಳುತ್ತ, ಬಲಗೈಯಿಂದ ಐದೂ ಬೀಜ ಹಾಕಿದಳು.

"ವಿಚಾರ ಮಾಡಿ ಹಾಕ್ರಿ ದೊಡ್ಡವ್ವ," ಎಂದೆ.

"ವಿಚಾರ ಮಾಡೇ ಹಾಕೀನಿ ಯವ್ವಾ."

ಆಮೇಲೆ ಒಬ್ಬರಾದ ಮೇಲೊಬ್ಬರು. ಎಲ್ಲರೂ ಕೈ ತೊಳೆದುಕೊಂಡೇ ಬಂದರು, ಎಲ್ಲರೂ ಐದೈದೇ ಹಾಕಿದರು. ಹಾಲು ಹಿಂಡುವ ಹುಡುಗಿ ಮಾತ್ರ ಜಾಗದ ಪ್ರಶ್ನೆಗೆ ಮೂರು ಬೀಜ ಹಾಕಿ ಕೈ ತಡೆದಳು. ದೊಡ್ಡವ್ವ ಲೊಚಗುಟ್ಟಿದಳು. "ಯಾಕಬೇ, ನಿಮ್ಮಪ್ಪನ ಮನಿ ಗಂಟು ಹೋಗತೈತೇನು? ಕೈ ಬಿಚ್ಚಿ ಹಾಕು!" ಖೋಲಿ ತುಂಬ ನಗು. ಆ ಹುಡುಗಿ ನಾಚಿ, ಉಳಿದ ಎರಡನ್ನೂ ಹಾಕಿ, ನನ್ನ ಮುಖ ನೋಡಿ ಸಣ್ಣಗೆ ನಕ್ಕಳು. ನನ್ನ ಸಮೀಕ್ಷೆ ನನ್ನ ಕಣ್ಣ ಮುಂದೆಯೇ ಹಳ್ಳ ಹಿಡಿಯುತ್ತಿತ್ತು.

ಊಟದ ಹೊತ್ತು ಮುಗಿದು ಉಳಿದವರು ಮೇಲೆ ಹೋದರು. ದೊಡ್ಡವ್ವನನ್ನು ನಿಲ್ಲಿಸಿಕೊಂಡೆ. ನನಗೆ ಸಿಟ್ಟು ಬಂದಿತ್ತು. "ಅಲ್ರೀ, ದಿನಾ ಮೊಣಕಾಲು ಹಿಡಕೊಂಡು ಅಯ್ಯಪ್ಪಾ ಅಮ್ಮಾ ಅಂತೀರಿ. ಆ ಕಂಟ್ರಾಕ್ಟರಗ ಬೆನ್ನ ಹಿಂದ ಮಣ್ಣು ತೂರತೀರಿ. ಈಗ ನೋಡಿದ್ರ ಎಲ್ಲಾದಕ್ಕೂ ಐದೈದು!"

ಅವಳು ನನ್ನನ್ನು ತಿಳಿಗೇಡಿ ಮಗುವನ್ನು ನೋಡುವ ಹಾಗೆ ನೋಡಿದಳು. "ನೀ ನಮ್ಮ ಕಡೆ ಹೆಣ್ಣಮಗಳು. ಡಬ್ಬಿ ಹಿಡಕೊಂಡು ನಮ್ಮ ಮುಂದ ಕುಂತೀ. ಐದು ಕಾಳು ಕೈಯಾಗ ಕೊಟ್ಟು ಹಾಕು ಅಂತೀ. ಒಂದು ಎರಡು ಹಾಕಿ ಕಳಸಾಕ ಬರತೈತೇನವಾ? ನಾಳಿ ನಿಮ್ಮ ಸಾಹೇಬ್ರ ಮುಂದ ಆ ಡಬ್ಬಿ ತೆರದಾಗ ಖಾಲಿ ಕಂಡ್ರ ನಿನ್ನ ಮಾನ ಏನಾಗಬೇಕು? ನಿನ್ನ ಕೆಲಸ ಇನ್ನಾ ಕಾಯಂ ಆಗಿಲ್ಲ ಅಂತ ನೀನ ಹೇಳಿದ್ದಿಯಲ್ಲ."

ಆಗ ತಿಳಿಯಿತು. ನಮ್ಮ ಕಡೆ ತವರಿಗೆ ಬಂದ ಹೆಣ್ಣುಮಗಳಿಗೆ ಉಡಿ ತುಂಬಿ ಕಳಿಸುತ್ತಾರೆ. ತಲೆ ಮೇಲೆ ಸೆರಗು ಹೊದ್ದು, ತೊಳೆದ ಕೈಯಿಂದ, ಅವಳ ಸೆರಗಿಗೆ ಐದು ಬೊಗಸೆ ಅಕ್ಕಿ. ನಾಲ್ಕಕ್ಕೆ ನಿಲ್ಲಿಸಿದವರನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ನಾನು ಅವರ ನೆಮ್ಮದಿ ಅಳೆಯುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಊರ ಮಗಳ ಉಡಿ ತುಂಬಿದ್ದರು. ಐದು ಕಾಳು, ತೆರೆದ ಡಬ್ಬಿ, ಸುತ್ತ ಕೂತ ಹೆಂಗಸರು, ಎಲ್ಲವನ್ನೂ ಜೋಡಿಸಿಕೊಟ್ಟವಳು ನಾನೇ. ರಾಯಚೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಇಷ್ಟು ತಿಳಿಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು.

ಸಂಜೆ ಬಸ್ಸಿನಲ್ಲಿ ಕೂತು ತೀರ್ಮಾನ ಮಾಡಿದೆ. ಬೆಳಿಗ್ಗೆ ಹೋದ ತಕ್ಷಣ ಮೇಡಂಗೆ ಹೇಳುವುದು, ವಿಧಾನ ತಪ್ಪಿದೆ, ಮತ್ತೆ ಮಾಡುತ್ತೇನೆ ಎಂದು. ಅದರಲ್ಲಿ ಕಷ್ಟವೇನೂ ಇರಲಿಲ್ಲ. ಒಂದು ಮಧ್ಯಾಹ್ನದ ಕೆಲಸ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮೇಡಂ ನಾನು ಬೀಜದ ಲೆಕ್ಕ ಬರೆದು ಮೇಜಿನ ಮೇಲೆ ಇಟ್ಟಿದ್ದ ಹಾಳೆ ನೋಡಿಬಿಟ್ಟಿದ್ದರು. "ಅಮ್ಮಾ, ಸೂಪರ್ ಕದಾ!" ಎಂದು ನನ್ನ ಭುಜ ಹಿಡಿದು ಅಲುಗಿಸಿದರು. ಇಡೀ ಕಂಪನಿಯಲ್ಲಿ ಎಲ್ಲರಿಗಿಂತ ಸಂತೃಪ್ತರು ನಮ್ಮ ಕಸಗುಡಿಸುವ ಹೆಂಗಸರು! ಮುಖ್ಯ ಕಚೇರಿಯವರು ಕುಣಿದಾಡುತ್ತಾರೆ ಎಂದರು. ಬೀಜದ ಉಪಾಯ ಕೇಳಿ ಇನ್ನೂ ಹಿಗ್ಗಿದರು. ಅದರ ಬಗ್ಗೆ ಅರ್ಧ ಪುಟ ಬರೆದುಕೊಡು, ವರದಿಗೆ ಸೇರಿಸೋಣ ಎಂದರು. ಆಮೇಲೆ ದನಿ ತಗ್ಗಿಸಿ, ನಿನ್ನನ್ನು ಕಾಯಂ ಮಾಡುವ ಕಾಗದ ಈ ವಾರವೇ ಸಹಿಗೆ ಹೋಗುತ್ತದೆ ಎಂದರು.

ನಾನು, "ಮೇಡಂ, ಅವರು ಸ್ವಲ್ಪ ಸಂಕೋಚದ ಜನ," ಎಂದೆ.

"ಸಂಕೋಚ ಯಾರಿಗಿಲ್ಲ?" ಎಂದರು ಅವರು. ಮುಂದಿನ ಮಾತಿಗೆ ಕಾಯುತ್ತ ನನ್ನನ್ನೇ ನೋಡಿದರು. ಯಾರೂ ನಡುವೆ ಬರಲಿಲ್ಲ, ಫೋನೂ ಬಡಿದುಕೊಳ್ಳಲಿಲ್ಲ. ಇನ್ನೊಂದು ವಾಕ್ಯ ಹೇಳಿದ್ದರೆ ಸಾಕಿತ್ತು. "ಏನಿಲ್ಲ ಮೇಡಂ," ಎಂದೆ. ಇದಕ್ಕೆ ಹೇಡಿತನ ಎನ್ನುತ್ತಾರೆ, ಬೇರೆ ಹೆಸರು ಹುಡುಕುವುದು ಬೇಡ. ಮೂರು ಜಾಗದಲ್ಲಿ ಇದನ್ನೇ ಆರಿಸುತ್ತಾರೆ ಎಂದು ಏನು ಗ್ಯಾರಂಟಿ, ಆಮೇಲೆ ನೋಡಿಕೊಳ್ಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ಮಧ್ಯಾಹ್ನ ಕೂತು ಅರ್ಧ ಪುಟ ಬರೆದೆ. ಪರಿಚಿತ ವಸ್ತುವಿನ ಬಳಕೆಯಿಂದ ಭಯ ಕಡಿಮೆಯಾಗಿ ಪ್ರಾಮಾಣಿಕ ಉತ್ತರಗಳು ದೊರೆತವು ಎಂದು ಬರೆದೆ. ಇವತ್ತು ಅದನ್ನು ನೆನೆದರೂ ಕಿವಿ ಬಿಸಿಯಾಗುತ್ತದೆ.

ಎರಡು ತಿಂಗಳಿಗೆ ಖೋಲಿ ಹೋಯಿತು. ಕಂಟ್ರಾಕ್ಟರ್ ಒಂದು ಶನಿವಾರ ಹೇಳಿದನಂತೆ, ಸೋಮವಾರ ಬಡಗಿಗಳು ಬಂದರು. ಮೊಳೆ ಕಿತ್ತರು, ನೆಲಕ್ಕೆ ಜಮಖಾನ ಹಾಸಿದರು, ಇಳಿಜಾರು ಚಾವಣಿಗೆ ನೀಲಿ ದೀಪ ಕೂರಿಸಿದರು. ಒರಗಿ ಮಲಗುವ ಎರಡು ಕುರ್ಚಿ ಬಂದವು. ಬಾಗಿಲಿಗೆ ಬ್ಯಾಡ್ಜು ತೋರಿಸಿದರೆ ಮಾತ್ರ ತೆರೆಯುವ ಬೀಗ. ನನ್ನ ಕಾಯಂ ಕಾಗದ ಅಷ್ಟರಲ್ಲಿ ಕೈಗೆ ಬಂದಿತ್ತು. ಹತ್ತು ಹದಿನೈದು ದಿನ ನಾನು ಹಿಂದಿನ ಮೆಟ್ಟಿಲ ಕಡೆ ಸುಳಿಯಲಿಲ್ಲ, ಮುಂದಿನ ಲಿಫ್ಟಿನಲ್ಲೇ ಓಡಾಡಿದೆ.

ಕೊನೆಗೊಂದು ಮಧ್ಯಾಹ್ನ ಅವರನ್ನು ಕಂಡೆ. ಕಾರುಗಳು ನೆಲಮಾಳಿಗೆಗೆ ಇಳಿಯುವ ದಾರಿಯ ಬದಿ, ಜನರೇಟರಿನ ಪಕ್ಕ, ಪೇಪರ್ ಹಾಸಿಕೊಂಡು ಸಾಲಾಗಿ ಕೂತು ಉಣ್ಣುತ್ತಿದ್ದರು. ಕಾರು ಬಂದಾಗಲೆಲ್ಲ ಡಬ್ಬಿ ಎತ್ತಿಕೊಂಡು ಎದ್ದು ಗೋಡೆಗೆ ಅಂಟಿ ನಿಲ್ಲಬೇಕು. ದೊಡ್ಡವ್ವ ಕಂಬ ಹಿಡಿದು ಏಳುವುದರೊಳಗೆ ಕಾರಿನವನು ಹಾರ್ನ್ ಹೊಡೆದ. ನನ್ನನ್ನು ಕಂಡು, "ಬಾ ಯವ್ವಾ, ಎಲ್ಲಿ ಹೋಗಿದ್ದಿ ಇಷ್ಟ ದಿನಾ?" ಎಂದಳು. ಮೌನದ ಕೋಣೆಯನ್ನು ದಿನಕ್ಕೆರಡು ಸಲ ಗುಡಿಸುವುದು ಅವಳ ಪಾಳಿಗೇ ಬಂದಿತ್ತು. "ಭಾಳ ಚಂದ ಮಾಡ್ಯಾರ. ಒಳಗ ನೀರಿನ ಸಪ್ಪಳ ಬರತೈತಿ, ಎಲ್ಲಿಂದ ಬರತೈತೋ ಗೊತ್ತಿಲ್ಲ," ಎಂದಳು. ಕೂಸಿನ ತಾಯಿ ಅಲ್ಲಿರಲಿಲ್ಲ. ಎದೆ ಬಾವು ಬಂದು, ಜ್ವರ ಬಂದು, ಕೆಲಸ ಬಿಟ್ಟಳಂತೆ.

ಅವತ್ತೇ ಮೇಡಂ ಹತ್ತಿರ ಹೋದೆ. ಆ ಹೆಂಗಸರಿಗೆ ಬೇರೆ ಜಾಗ ಕೊಡಬೇಕು ಎಂದೆ. ಅವರು ಬೇಡ ಎನ್ನಲಿಲ್ಲ. ವರದಿ ತೆಗೆದು ನನ್ನ ಮುಂದೆ ತಿರುಗಿಸಿದರು. ವಿಶ್ರಾಂತಿಯ ಜಾಗ, ಐದಕ್ಕೆ ಐದು. "ನೀನೇ ಅಳೆದದ್ದು. ಇದನ್ನಿಟ್ಟುಕೊಂಡು ನಾನು ಮೇಲೆ ಏನೆಂದು ಕೇಳಲಿ? ಮುಂದಿನ ಸಮೀಕ್ಷೆಯಲ್ಲಿ ಇಳಿದರೆ ಖಂಡಿತ ಕೇಳೋಣ." ಆಗಲಾದರೂ ನಿಜ ಹೇಳಬೇಕಿತ್ತು. ಹೇಳಿದರೆ ಆ ಅರ್ಧ ಪುಟ ಸುಳ್ಳಾಗುತ್ತಿತ್ತು, ಅದರ ಕೆಳಗೆ ನನ್ನ ಹೆಸರಿತ್ತು. ಹೀಗಾಗಿ ಮುಂದಿನ ಸಮೀಕ್ಷೆಗೆ ಕಾದೆ. ಬಿಸಿಲುಗಾಲ ಹೋಯಿತು, ಮಳೆಗಾಲ ಹೋಯಿತು. ಮಳೆಗಾಲದಲ್ಲಿ ಆ ಇಳಿಜಾರಿನಲ್ಲಿ ನೀರು ಹರಿಯುತ್ತಿತ್ತು, ಅವರು ನಿಂತೇ ಉಣ್ಣುತ್ತಿದ್ದರು.

ಮರುವರ್ಷ ಬೀಜ ಒಯ್ಯಲಿಲ್ಲ, ಡಬ್ಬಿ ಒಯ್ಯಲಿಲ್ಲ. ಅಳುವ ಮುಖದಿಂದ ನಗುವ ಮುಖದವರೆಗೆ ಐದು ಚಿತ್ರವಿದ್ದ ಹಾಳೆ ಮಾಡಿಸಿದೆ. ನಿಯಮ ಗಿಯಮ ಎಲ್ಲ ಗಂಟು ಕಟ್ಟಿ ಇಟ್ಟೆ. ಕಾರಿಳಿಯುವ ದಾರಿಯ ಬದಿಗೆ ಅವರ ಜೊತೆ ನೆಲದ ಮೇಲೇ ಕೂತು ಬಿಡಿಸಿ ಹೇಳಿದೆ. "ಇದು ನನಗ ಕೊಡೋದಲ್ಲ. ನಿಮ್ಮ ಕಷ್ಟಾ ಸುಖಾ ಮ್ಯಾಲಿನವರಿಗೆ ತಿಳಸೋದು. ತ್ರಾಸ ಇದ್ರ ಅಳೋ ಮುಖಕ್ಕ ಗೀಟು ಹಾಕ್ರಿ. ಅಂಕಿ ಇಳದ್ರನ ನಿಮಗ ಜಗಾ ಕೊಡಸಾಕ ಬರತೈತಿ."

ದೊಡ್ಡವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಹಂಗಾರ ಹ್ವಾದ ವರ್ಷ ನಾವು ಐದೈದು ಹಾಕಿದ್ದಕ್ಕ ಖೋಲಿ ಹೋತೇನು?"

"ಹೌದ್ರಿ."

"ಇದು ನಿನಗ ಆವಾಗ ಗೊತ್ತಿತ್ತ?"

"ಗೊತ್ತಿತ್ತು."

ಒಂದು ಕಾರು ಬಂತು. ಎಲ್ಲರೂ ಎದ್ದು ಗೋಡೆಗೆ ಸರಿದೆವು, ನಾನೂ. ಕಾರು ಇಳಿದು ಹೋದ ಮೇಲೆ ಮತ್ತೆ ಕೂತೆವು.  'ನಾ ತಪ್ಪು ಮಾಡಿದೆ' ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡವ್ವ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು ಪೆನ್ನು ಕೈಗೆ ತೆಗೆದುಕೊಂಡಿದ್ದಳು.

"ಈ ಸಲ ನಿಮಗ ಎಷ್ಟು ಬೇಕು ಹೇಳ್ರಿ ಮೇಡಮ್ಮಾರ, ಹಾಕತೀವಿ," ಎಂದಳು.

ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೆಲಸದವಳು ಮೇಡಮ್ಮನನ್ನು ಕೇಳುವ ಹಾಗೆ, ಯಾವ ಬಚ್ಚಲು ಮೊದಲು ತೊಳೆಯಲಿ ಎನ್ನುವ ಹಾಗೆ ಕೇಳಿದಳು. "ನಿಮಗ ಅನಿಸಿದ್ದು ಹಾಕ್ರಿ ದೊಡ್ಡವ್ವ," ಎಂದೆ.

"ನಮಗ ಅನಿಸಿದ್ದು ಹಾಕತೀವ್ರಿ. ಅದನ್ನ ಕಂಟ್ರಾಕ್ಟರ್ ನೋಡಂಗಿಲ್ಲ, ನಮ್ಮನ್ನ ತಗಿಯಂಗಿಲ್ಲ, ಖೋಲಿ ತಿರಗಿ ಬರತೈತಿ ಅಂತ ನೀವು ಹೇಳತೀರೇನ್ರಿ?"

ಎಲ್ಲರೂ ನನ್ನನ್ನೇ ನೋಡಿದರು. ಕಂಟ್ರಾಕ್ಟರ್ ಆ ವರದಿ ನೋಡುತ್ತಾನೆ ಎಂಬುದು ನನಗೆ ಗೊತ್ತಿತ್ತು. ಖೋಲಿಯ ಮಾತಂತೂ ನನ್ನ ಕೈಯಲ್ಲಿರಲಿಲ್ಲ. ಹೂಂ ಎನ್ನಲಾಗಲಿಲ್ಲ. ದೊಡ್ಡವ್ವ ಆರೂ ಸಾಲಿನಲ್ಲಿ ನಗುವ ಮುಖದ ಮೇಲೆ ಒಂದೊಂದು ಗೀಟು ಎಳೆದು, ಪೆನ್ನನ್ನು ಪಕ್ಕದವಳಿಗೆ ಕೊಟ್ಟು, ಅರ್ಧಕ್ಕೆ ಬಿಟ್ಟ ರೊಟ್ಟಿ ಕೈಗೆತ್ತಿಕೊಂಡಳು. ಪಕ್ಕದವಳು ಅವಳ ಹಾಳೆ ನೋಡಿಕೊಂಡು ಗೀಟು ಎಳೆದಳು, ಅವಳ ಪಕ್ಕದವಳು ಅವಳದನ್ನು ನೋಡಿಕೊಂಡು. ಹಾಳೆಗಳನ್ನು ಕೂಡಿಸಿ, ಪಿನ್ನು ಹಾಕಿ, ಮೇಲೆ ತೆಗೆದುಕೊಂಡು ಹೋದೆ. ಆ ವರ್ಷದ ವರದಿಯಲ್ಲೂ ಕಂಪನಿಯಲ್ಲಿ ಎಲ್ಲರಿಗಿಂತ ಸುಖವಾಗಿದ್ದವರು ಅವರೇ.